ಹಿತ್ತಲಲ್ಲಿ ಹಕ್ಕಿಗಳು ಸತ್ತು ಬಿದ್ದರೆ: ಕಾರಣಗಳು ಮತ್ತು ಕೈಗೊಳ್ಳಬೇಕಾದ ಕ್ರಮಗಳು

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ತುದಿಯಲ್ಲಿ ಪೇಟೆ, ಇನ್ನೊಂದು ಕಡೆ ಗೋಕುಲ ಗ್ರಾಮ ಮತ್ತು ಅದರ ಸುತ್ತಲಿನ ಎರೆ ಹೊಲಗಳು. ನಡುವೆ ಕೈಗಾರಿಕಾ ವಸಾಹತು, ವಿಮಾನ ನಿಲ್ದಾಣ ಮತ್ತು ಹಲವು ವಸತಿ ಬಡಾವಣೆಗಳು. ಹತ್ತಿರದಲ್ಲಿಯೇ ತೋಳನಕೆರೆ. ಮನೆಗಳ ಹಿತ್ತಲಲ್ಲಿ ತೆಂಗು, ಪೇರಲ, ನುಗ್ಗೆ, ಕರಿಬೇವು ಬೆಳೆದಿವೆ. ಬೇಲಿಯ ಆಚೆ ಹೆಸರು, ಸೋಯಾಅವರೆ, ಗೋವಿನಜೋಳ, ಹಿಂಗಾರಿಯಲ್ಲಿ ಕಡಲೆ ಮತ್ತು ಬಿಳಿಜೋಳ. ಇಂಥ ಕಡೆ ಗುಬ್ಬಿ, ಗೊರವಂಕ, ಪಿಕಳಾರ, ಬೆಳವ, ಪಾರಿವಾಳ, ಕಾಗೆ, ಗಿಳಿ ಮೊದಲಾದ ಹಕ್ಕಿಗಳಿಗೆ ವರ್ಷವಿಡೀ ಆಹಾರ ದೊರೆಯುತ್ತದೆ.

ಇಂಥ ಹಿತ್ತಲಿನಲ್ಲಿ ಒಂದು ಮುಂಜಾನೆ ನಾಲ್ಕು ಗೊರವಂಕ ಮತ್ತು ಎರಡು ಬೆಳವ ಸತ್ತು ಬಿದ್ದಿವೆ ಎಂದುಕೊಳ್ಳೋಣ. ಮೈಮೇಲೆ ಗಾಯವಿಲ್ಲ. ಒಬ್ಬರು ಹಕ್ಕಿಜ್ವರ ಎನ್ನುತ್ತಾರೆ, ಇನ್ನೊಬ್ಬರು ಪಕ್ಕದ ಹೊಲದವರು ವಿಷ ಇಟ್ಟಿದ್ದಾರೆ ಎನ್ನುತ್ತಾರೆ, ಮತ್ತೊಬ್ಬರು ಮೊಬೈಲ್ ಗೋಪುರದ ಕಡೆ ಕೈ ತೋರಿಸುತ್ತಾರೆ. ಅಷ್ಟರಲ್ಲಿ ಮನೆಯವರು ಹಕ್ಕಿಗಳನ್ನು ಬರಿಗೈಯಿಂದ ಎತ್ತಿ ತಿಪ್ಪೆಗೆ ಎಸೆಯುತ್ತಾರೆ. ಸಂಜೆಯೊಳಗೆ ನಾಯಿಯೋ ಬೆಕ್ಕೋ ಅವನ್ನು ಎಳೆದೊಯ್ಯುತ್ತದೆ. ಕಾರಣ ಮಾತ್ರ ತಿಳಿಯದೆ ಉಳಿಯುತ್ತದೆ.

ಇದು ಹಕ್ಕಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಆ ಹಕ್ಕಿಗಳು ಹೆಕ್ಕಿದ ಕಾಳನ್ನೇ ಮನೆಯ ಜವಾರಿ ಕೋಳಿಯೂ ಹೆಕ್ಕುತ್ತದೆ. ಅವು ಕುಡಿದ ನೀರನ್ನೇ ಎಮ್ಮೆ, ಆಕಳುಗಳೂ ಕುಡಿಯುತ್ತವೆ. ಅವು ಬಿದ್ದ ಅಂಗಳದಲ್ಲಿಯೇ ಮಕ್ಕಳು ಆಡುತ್ತವೆ. ಆದುದರಿಂದ ಹಕ್ಕಿಗಳ ಸಾವನ್ನು ಒಂದು ಮುನ್ಸೂಚನೆ ಎಂದು ತಿಳಿದು, ಊಹೆಯ ಬದಲು ವಿಚಾರಣೆಯಿಂದ ಕಾರಣವನ್ನು ಕಂಡುಹಿಡಿಯುವುದು ಲೇಸು.

ಹಕ್ಕಿ ಸತ್ತ ಜಾಗ, ಕಾರಣದ ಜಾಗವಲ್ಲ

ಮೊದಲು ನೆನಪಿಡಬೇಕಾದ ಅಂಶವೆಂದರೆ ಹಕ್ಕಿ ಒಂದು ಕಡೆ ಮೇಯುತ್ತದೆ, ಇನ್ನೊಂದು ಕಡೆ ನೀರು ಕುಡಿಯುತ್ತದೆ, ಮತ್ತೊಂದು ಕಡೆ ರಾತ್ರಿ ತಂಗುತ್ತದೆ. ಹೊಲದಲ್ಲಿ ವಿಷದ ಕಾಳು ತಿಂದ ಬೆಳವ ಅರ್ಧ ಗಂಟೆಯ ನಂತರ ಬಡಾವಣೆಯ ಬೇವಿನ ಮರದ ಕೆಳಗೆ ಬಿದ್ದು ಸಾಯಬಹುದು. ಹಾಗೆಯೇ ಹಿತ್ತಲಿನಲ್ಲಿ ಇಲಿಗಿಟ್ಟ ಪಾಷಾಣವನ್ನು ತಿಂದ ಹಕ್ಕಿ ನೆರೆಯವರ ಹೊಲದಲ್ಲಿ ಬೀಳಬಹುದು. ಆದುದರಿಂದ ಹೊಲದವರು ಬಡಾವಣೆಯವರನ್ನೂ, ಬಡಾವಣೆಯವರು ಹೊಲದವರನ್ನೂ ದೂರುವುದರಿಂದ ಪ್ರಯೋಜನವಿಲ್ಲ. ಎರಡೂ ಕಡೆಯವರು ಹಿಂದಿನ ಮೂರು ದಿನಗಳಲ್ಲಿ ತಾವು ಏನು ಬಿತ್ತಿದ್ದೇವೆ, ಏನು ಸಿಂಪಡಿಸಿದ್ದೇವೆ, ಏನು ಚೆಲ್ಲಿದ್ದೇವೆ ಎಂಬುದನ್ನು ನೆನಪಿಸಿಕೊಳ್ಳಬೇಕು.

ಊಹೆಯನ್ನೇ ನಂಬಿದರೆ ಎಷ್ಟು ದಾರಿ ತಪ್ಪಬಹುದು ಎಂಬುದಕ್ಕೆ ರಣಹದ್ದುಗಳ ಕಥೆಯೇ ಸಾಕ್ಷಿ. 1990ರ ದಶಕದಲ್ಲಿ ಭಾರತದಾದ್ಯಂತ ರಣಹದ್ದುಗಳು ಸಾಯತೊಡಗಿದಾಗ ಯಾವುದೋ ಹೊಸ ಸಾಂಕ್ರಾಮಿಕ ರೋಗವಿರಬೇಕೆಂಬ ಶಂಕೆ ಬಲವಾಗಿತ್ತು. 2004ರಲ್ಲಿ ನಿಜವಾದ ಕಾರಣ ಹೊರಬಿತ್ತು. ದನಕರುಗಳ ನೋವು ಮತ್ತು ಬಾವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಔಷಧಿಯ ಅಂಶ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡಗಳು ಕೆಡುತ್ತಿದ್ದವು. 2006ರಲ್ಲಿ ಪಶುಗಳಿಗೆ ಇದರ ಬಳಕೆಯನ್ನು ನಿಷೇಧಿಸಲಾಯಿತು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಪಾಲು ಕಣ್ಮರೆಯಾಗುವ ಸ್ಥಿತಿ ಬಂದಿತ್ತು. ಉಳಿದವುಗಳ ರಕ್ಷಣೆಗಾಗಿ ಕರ್ನಾಟಕದಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮ ರಾಜ್ಯದಲ್ಲಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ 2017ರ ಕೊನೆ ಮತ್ತು 2018ರ ಮೊದಲ ತಿಂಗಳುಗಳಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದರಂತೆ ಸತ್ತವು. ಇಲ್ಲಿ ಯಾರಿಗಾದರೂ ಮೊದಲು ಬರುವ ಸಂಶಯ ವಿಷದ್ದು ಅಥವಾ ಕೆಟ್ಟ ನೀರಿನದು. ಆದರೆ ಶವಪರೀಕ್ಷೆಯಲ್ಲಿ ಹಕ್ಕಿಗಳ ಹೊಟ್ಟೆಯೊಳಗೆ ದುಂಡುಹುಳುಗಳು ಹೇರಳವಾಗಿ ಕಂಡುಬಂದವು. ಇಂಥ ಹುಳುಗಳು ಮೀನಿನ ಮೂಲಕ ಹಕ್ಕಿಯ ಹೊಟ್ಟೆ ಸೇರುತ್ತವೆ. ಶವಪರೀಕ್ಷೆ ಆಗಿರದಿದ್ದರೆ ಈ ಸಂಗತಿ ಬೆಳಕಿಗೆ ಬರುತ್ತಿರಲಿಲ್ಲ.

ಹಿತ್ತಲಿನ ಹಕ್ಕಿಗಳ ಸಾವಿಗೆ ಕಾರಣವಾಗಬಹುದಾದ ಅಂಶಗಳನ್ನು ವಿಷ, ರೋಗ, ಹವಾಮಾನ ಮತ್ತು ಅಪಘಾತ ಎಂದು ನಾಲ್ಕು ವಿಧವಾಗಿ ವಿಂಗಡಿಸಬಹುದು.

1. ವಿಷ

ಗುಬ್ಬಿಯ ತೂಕ ಸುಮಾರು 25 ಗ್ರಾಂ ಮಾತ್ರ. 50 ಕಿಲೋ ತೂಕದ ಮನುಷ್ಯ ಅದಕ್ಕಿಂತ ಎರಡು ಸಾವಿರ ಪಟ್ಟು ಭಾರವಿರುತ್ತಾನೆ. ಮನುಷ್ಯನಿಗೆ ಏನೂ ಮಾಡದಷ್ಟು ಅಲ್ಪ ಪ್ರಮಾಣದ ವಿಷವೂ ಗುಬ್ಬಿಯ ಜೀವ ತೆಗೆಯಲು ಸಾಕಾಗುವುದು ಈ ಕಾರಣದಿಂದ.

(ಅ) ಹರಳು ರೂಪದ ಕೀಟನಾಶಕಗಳು: ಹಕ್ಕಿಗಳಿಗೆ ಹಲ್ಲಿಲ್ಲ. ಕಾಳನ್ನು ಹೊಟ್ಟೆಯಲ್ಲಿ ಅರೆಯುವ ಸಲುವಾಗಿ ಅವು ಮರಳಿನ ಸಣ್ಣ ಹರಳುಗಳನ್ನು ಹುಡುಕಿ ನುಂಗುತ್ತವೆ. ಮಣ್ಣಿನ ಮೇಲೆ ಬಿದ್ದ ಕಾರ್ಬೋಫ್ಯೂರಾನ್‌ನಂಥ ಕೀಟನಾಶಕದ ಹರಳು ಅವುಗಳ ಕಣ್ಣಿಗೆ ಮರಳಿನ ಹರಳಿನಂತೆಯೇ ಕಾಣುತ್ತದೆ. ಇದರ ಒಂದೇ ಹರಳು ಸಣ್ಣ ಹಕ್ಕಿಯನ್ನು ಕೊಲ್ಲಬಲ್ಲದು. ಹಕ್ಕಿಗಳ ಸಾಮೂಹಿಕ ಸಾವಿನ ಕಾರಣದಿಂದಲೇ ಅಮೆರಿಕದಲ್ಲಿ 1990ರ ದಶಕದಲ್ಲಿ ಹರಳು ರೂಪದ ಕಾರ್ಬೋಫ್ಯೂರಾನ್ ಬಳಕೆಯನ್ನು ಬಹುಮಟ್ಟಿಗೆ ನಿಲ್ಲಿಸಲಾಯಿತು. ನಮ್ಮ ದೇಶದಲ್ಲಿ ಫೋರೇಟ್ ಬಳಕೆ 2020ರ ಡಿಸೆಂಬರ್ 31ರಿಂದ ನಿಷಿದ್ಧವಾಗಿದೆ. ಮಿಥೈಲ್ ಪ್ಯಾರಾಥಿಯಾನ್ ಮತ್ತು ಫೆಂಥಿಯಾನ್ 2018ರಲ್ಲಿಯೇ ನಿಷೇಧಗೊಂಡಿವೆ. ಇವುಗಳ ಹಳೆಯ ಪೊಟ್ಟಣ ಅಥವಾ ಡಬ್ಬಿ ಯಾರ ಮನೆಯ ಅಟ್ಟದ ಮೇಲಾದರೂ ಉಳಿದಿದ್ದರೆ ಅವನ್ನು ಬಳಸಕೂಡದು.

(ಆ) ವಿಷೋಪಚಾರ ಮಾಡಿದ ಬೀಜ: ಮುಂಗಾರಿ ಬಿತ್ತನೆಯ ಕಾಲದಲ್ಲಿ ಕೀಟನಾಶಕ ಮತ್ತು ಶಿಲೀಂಧ್ರನಾಶಕಗಳಿಂದ ಉಪಚರಿಸಿದ ಬೀಜಗಳನ್ನು ಬಳಸಲಾಗುತ್ತದೆ. ಇವುಗಳಿಗೆ ಕೆಂಪು, ಗುಲಾಬಿ ಅಥವಾ ನೀಲಿ ಬಣ್ಣ ಹಚ್ಚಿರುವುದು ಮನುಷ್ಯರ ಎಚ್ಚರಿಕೆಗಾಗಿ. ಹಸಿದ ಹಕ್ಕಿ ಬಣ್ಣವನ್ನು ಲೆಕ್ಕಿಸುವುದಿಲ್ಲ. ಕೂರಿಗೆ ತಿರುಗಿಸುವ ಕಡೆ, ಬದುವಿನ ಮೇಲೆ, ಚೀಲ ತುಂಬುವಾಗ ಮತ್ತು ಗಾಡಿಯಿಂದ ಇಳಿಸುವಾಗ ಚೆಲ್ಲಿದ ಕಾಳುಗಳನ್ನು ಬೆಳವ, ಗುಬ್ಬಿ, ನವಿಲು ಮತ್ತು ಕವುಜುಗಗಳು ಹೆಕ್ಕುತ್ತವೆ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಲೇಪಿಸಿದ ಬೀಜಗಳಾದರೆ ಕೆಲವೇ ಕಾಳುಗಳು ಸಣ್ಣ ಹಕ್ಕಿಗೆ ಅಪಾಯಕಾರಿ. ಬಿತ್ತಿ ಉಳಿದ ಬೀಜವನ್ನು ಕೋಳಿಗೆ ಹಾಕುವುದಾಗಲಿ, ತಿಪ್ಪೆಗೆ ಸುರಿಯುವುದಾಗಲಿ ಸರಿಯಲ್ಲ.

(ಇ) ಸಿಂಪರಣೆ: ಹಕ್ಕಿಗಳು ವಿಷ ತಗುಲಿದ ಕೀಡೆಗಳನ್ನು ತಿಂದು ಸಾಯುವುದೂ ಉಂಟು. ಒದ್ದಾಡುತ್ತಿರುವ ಕೀಡೆ ಹಕ್ಕಿಯ ಕಣ್ಣಿಗೆ ಬೇಗ ಬೀಳುತ್ತದೆ. ಅರ್ಜೆಂಟೀನಾ ದೇಶದಲ್ಲಿ 1995-96ರ ಬೇಸಿಗೆಯಲ್ಲಿ ಮಿಡತೆಗಳ ಹತೋಟಿಗೆ ಮಾನೊಕ್ರೊಟೊಫಾಸ್ ಸಿಂಪಡಿಸಿದಾಗ, ಆ ಮಿಡತೆಗಳನ್ನು ತಿನ್ನಲು ಬಂದಿದ್ದ ಸಾವಿರಾರು ವಲಸೆ ಗಿಡುಗಗಳು ಹೊಲಗಳಲ್ಲಿಯೇ ಸತ್ತು ಬಿದ್ದವು.

ಇಲ್ಲಿ ರೈತ ಬಾಂಧವರು ಗಮನಿಸಬೇಕಾದ ಒಂದು ವಿಷಯವಿದೆ. ಕಡಲೆಯಲ್ಲಿ ಕಾಯಿಕೊರಕದ ಹತೋಟಿಗಾಗಿ ಹೊಲದಲ್ಲಿ ಕವಲುಕೋಲುಗಳನ್ನು ನೆಟ್ಟು ಹಕ್ಕಿಗಳಿಗೆ ಕೂಡಲು ಆಸರೆ ಒದಗಿಸಲು ಶಿಫಾರಸು ಮಾಡಲಾಗುತ್ತದೆ. ಚುರಮುರಿ ಎರಚಿ ಹಕ್ಕಿಗಳನ್ನು ಕರೆಯುವ ರೂಢಿಯೂ ಇದೆ. ಗೊರವಂಕ, ಕಾಜಾಣ, ಬೆಳ್ಳಕ್ಕಿಗಳು ಬಂದು ಕೀಡೆಗಳನ್ನು ಆರಿಸಿ ತಿನ್ನುತ್ತವೆ. ಹೀಗೆ ಕರೆದು, ಮರುದಿನವೇ ಅದೇ ಹೊಲಕ್ಕೆ ತೀವ್ರ ವಿಷವನ್ನು ಸಿಂಪಡಿಸಿದರೆ ಮೊದಲು ಸಾಯುವುದು ಕೂಲಿಯಿಲ್ಲದೆ ದುಡಿಯುವ ಆ ಹಕ್ಕಿಗಳು. ಅನಂತರ ಉಳಿದ ಕೀಡೆಗಳನ್ನು ತಿನ್ನುವವರು ಇರುವುದಿಲ್ಲ.

(ಈ) ಇಲಿ ಪಾಷಾಣ: ಸತುವಿನ ಫಾಸ್ಫೈಡ್ ಬೆರೆಸಿದ ನುಚ್ಚು ಅಥವಾ ಕಾಳನ್ನು ಬಯಲಿನಲ್ಲಿ ಇಟ್ಟರೆ ಇಲಿಗಿಂತ ಮೊದಲು ಪಾರಿವಾಳ, ಬೆಳವ ಮತ್ತು ಕೋಳಿಗಳು ಬರುತ್ತವೆ. ಬ್ರೊಮಾಡಿಯೋಲೋನ್‌ನಂಥ, ನಿಧಾನವಾಗಿ ರಕ್ತಸ್ರಾವ ಉಂಟುಮಾಡುವ ಪಾಷಾಣದಿಂದ ಇನ್ನೊಂದು ಬಗೆಯ ಹಾನಿ ಇದೆ. ಪಾಷಾಣ ತಿಂದ ಇಲಿ ಕೂಡಲೆ ಸಾಯದೆ ಕೆಲವು ದಿನ ಓಡಾಡುತ್ತದೆ. ಅಂಥ ಇಲಿಗಳನ್ನು ತಿಂದ ಗೂಬೆಯೂ ಸಾಯಬಹುದು. ಗೂಬೆ ಸತ್ತರೆ ಇಲಿಗಳ ಸಹಜ ವೈರಿಯೇ ಹೋದಂತೆ.

(ಉ) ಬೇಕೆಂದೇ ಇಟ್ಟ ವಿಷ: ಬೆಳೆ ತಿನ್ನುವ ನವಿಲು, ಗಿಳಿಗಳಿಗಾಗಿ ಅಥವಾ ಬೀದಿನಾಯಿಗಳಿಗಾಗಿ ಕೆಲವರು ವಿಷದ ಆಹಾರ ಇಡುವುದುಂಟು. ಇದು ಅಪರಾಧ. ಅಲ್ಲದೆ, ಇಟ್ಟ ವಿಷ ಯಾರ ಬಾಯಿಗೆ ಹೋಗುತ್ತದೆ ಎಂಬುದು ಇಟ್ಟವನ ಕೈಯಲ್ಲಿರುವುದಿಲ್ಲ. 2025ರ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ವನ್ಯಧಾಮದಲ್ಲಿ ವಿಷ ಹಾಕಿದ ಹಸುವಿನ ಕಳೇಬರವನ್ನು ತಿಂದು ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತವು. ಅದೇ ವರ್ಷ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಹನುಮಂತಪುರದಲ್ಲಿ 20 ನವಿಲುಗಳು ಸತ್ತು ಬಿದ್ದಿದ್ದವು. ಅರಣ್ಯ ಇಲಾಖೆಯವರು ಕಾರಣ ತಿಳಿಯಲು ಕಳೇಬರಗಳನ್ನು ಪ್ರಯೋಗಾಲಯದ ಪರೀಕ್ಷೆಗೆ ಒಳಪಡಿಸಿದರು. ವನ್ಯಜೀವಿ (ಸಂರಕ್ಷಣಾ) ಕಾಯಿದೆ, 1972ರ ಪ್ರಕಾರ ನವಿಲನ್ನು ಕೊಂದವರಿಗೆ 3ರಿಂದ 7 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಲು ಅವಕಾಶವಿದೆ.

2. ರೋಗ

(ಅ) ಹಕ್ಕಿಜ್ವರ: ಇದು ನಂಜಾಣುವಿನಿಂದ ಬರುವ ರೋಗ. ವಲಸೆ ಬರುವ ನೀರುಹಕ್ಕಿಗಳು, ಕಾಗೆಗಳು ಮತ್ತು ಸಾಕಿದ ಕೋಳಿ, ಬಾತುಕೋಳಿಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಕರ್ನಾಟಕದಲ್ಲಿ 2012ರ ಅಕ್ಟೋಬರ್‌ನಲ್ಲಿ ಬೆಂಗಳೂರು ಸಮೀಪದ ಹೆಸರಘಟ್ಟದ ಕೇಂದ್ರೀಯ ಕೋಳಿ ಸಾಕಣೆ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿ ಇದು ದೃಢಪಟ್ಟಿತ್ತು. 2017ರ ಜನವರಿಯಲ್ಲಿ ಮೈಸೂರಿನ ಮೃಗಾಲಯವನ್ನು ಈ ರೋಗದ ನಿಮಿತ್ತ ಕೆಲವು ವಾರ ಮುಚ್ಚಬೇಕಾಯಿತು. 2021ರ ಜನವರಿಯಲ್ಲಿ ರಾಜಸ್ಥಾನ ಮತ್ತು ಮಧ್ಯಪ್ರದೇಶಗಳಲ್ಲಿ ಕಾಗೆಗಳು, ಕೇರಳದಲ್ಲಿ ಬಾತುಕೋಳಿಗಳು ಇದರಿಂದ ಸತ್ತವು. ಒಂದೇ ಪ್ರದೇಶದಲ್ಲಿ ಹಲವು ಕಾಗೆಗಳು ಒಂದೆರಡು ದಿನಗಳಲ್ಲಿ ಸತ್ತರೆ ಮೊದಲು ಹಕ್ಕಿಜ್ವರವನ್ನೇ ಶಂಕಿಸಬೇಕು. ಈ ರೋಗ ಮನುಷ್ಯರಿಗೂ ತಗಲುವ ಸಾಧ್ಯತೆ ಇರುವುದರಿಂದ ಅಂಥ ಹಕ್ಕಿಗಳನ್ನು ಮುಟ್ಟಕೂಡದು.

(ಆ) ರಾಣಿಖೇತ ರೋಗ: ಕೋಳಿ ಸಾಕುವವರಿಗೆ ಇದು ಹೊಸದಲ್ಲ. ಪಾರಿವಾಳ, ಬೆಳವ ಮತ್ತು ನವಿಲುಗಳಿಗೂ ಇದು ತಗಲುತ್ತದೆ. ಕುತ್ತಿಗೆ ತಿರುಚಿಕೊಳ್ಳುವುದು, ತಿರುಗಣಿ ಹಾಕುವುದು, ಹಸಿರು ಭೇದಿ ಇದರ ಲಕ್ಷಣಗಳು. ಕಾಡುಹಕ್ಕಿಯಿಂದ ಸಾಕಿದ ಕೋಳಿಗೂ, ಸಾಕಿದ ಕೋಳಿಯಿಂದ ಕಾಡುಹಕ್ಕಿಗೂ ಇದು ಹರಡಬಲ್ಲದು. ಸಾಕಿದ ಕೋಳಿಗಳಿಗೆ ಕಾಲಕ್ಕೆ ಸರಿಯಾಗಿ ಲಸಿಕೆ ಹಾಕಿಸುವುದೇ ಇದಕ್ಕೆ ಉಪಾಯ.

(ಇ) ಗಂಟಲು ರೋಗ ಮತ್ತು ಭೇದಿ: ಪಾರಿವಾಳ, ಬೆಳವಗಳ ಗಂಟಲಿನಲ್ಲಿ ಹಳದಿ ಗಿಣ್ಣಿನಂಥ ಗಡ್ಡೆ ಬೆಳೆದು ನುಂಗಲಾಗದೆ ಸಾಯುವುದುಂಟು. ಇದಕ್ಕೆ ಟ್ರೈಕೊಮೊನಾಸ್ ಎಂಬ ಸೂಕ್ಷ್ಮಜೀವಿ ಕಾರಣ. ಬ್ರಿಟನ್ ದೇಶದಲ್ಲಿ 2005ರಿಂದೀಚೆಗೆ ತೋಟಗಳಿಗೆ ಬರುವ ಹಸಿರು ಫಿಂಚ್ ಹಕ್ಕಿಗಳ ಸಂಖ್ಯೆ ಇದೇ ರೋಗದಿಂದ ತೀವ್ರವಾಗಿ ಕುಸಿಯಿತು. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹಿಕ್ಕೆಯ ಮೂಲಕ ಹರಡಿ ಭೇದಿ ಉಂಟುಮಾಡುತ್ತದೆ. ಹಕ್ಕಿಗಳಿಗೆಂದು ಕಾಳು, ನೀರು ಇಡುವ ಪಾತ್ರೆಗಳನ್ನು ತೊಳೆಯದೆ ಬಿಟ್ಟರೆ ಈ ಎರಡೂ ರೋಗಗಳು ಅಲ್ಲಿಂದಲೇ ಹರಡುತ್ತವೆ. ಪುಣ್ಯಕ್ಕೆಂದು ಇಟ್ಟ ನೀರು ಹೀಗೆ ಅಪಾಯಕ್ಕೆ ದಾರಿಯಾಗಬಾರದು.

(ಈ) ಬೊಟ್ಯುಲಿಸಮ್: ಇದು ಕೆರೆಯ ಹಕ್ಕಿಗಳಲ್ಲಿ ಕಂಡುಬರುವ ನಂಜು. ನೀರು ಇಳಿದ ಕೆರೆಯ ಕೊಳೆತ ಕೆಸರಿನಲ್ಲಿ ಮತ್ತು ಸತ್ತ ಪ್ರಾಣಿಗಳ ಮೈಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಒಂದು ನಂಜನ್ನು ಉತ್ಪಾದಿಸುತ್ತದೆ. ಹಕ್ಕಿಯ ಕಾಲು, ರೆಕ್ಕೆ ಮತ್ತು ಕೊನೆಗೆ ಕುತ್ತಿಗೆ ಬಲ ಕಳೆದುಕೊಳ್ಳುತ್ತವೆ. ಸತ್ತ ಹಕ್ಕಿಯ ಮೈಯಲ್ಲಿನ ಹುಳುಗಳನ್ನು ತಿಂದ ಇನ್ನೊಂದು ಹಕ್ಕಿಯೂ ಸಾಯುತ್ತದೆ. 2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ವಲಸೆ ಹಕ್ಕಿಗಳು ಸತ್ತಾಗ ಮೊದಲು ಕಾರಣ ತಿಳಿಯಲಿಲ್ಲ. ಬರೇಲಿಯ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಪರೀಕ್ಷೆಯಿಂದ ಇದು ಬೊಟ್ಯುಲಿಸಮ್ ಎಂದು ತಿಳಿದುಬಂತು. ಸತ್ತ ಹಕ್ಕಿಗಳನ್ನು ಕೂಡಲೆ ತೆಗೆದು ಹೂಳುವುದು ರೋಗದ ಸರಪಳಿಯನ್ನು ಕಡಿಯುವ ಮುಖ್ಯ ಕ್ರಮ.

3. ಹವಾಮಾನ

ಹಕ್ಕಿಯ ಮೈಶಾಖ ಸಹಜವಾಗಿಯೇ 40ರಿಂದ 42 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತದೆ. ಅದಕ್ಕೆ ಬೆವರುವ ಗ್ರಂಥಿಗಳಿಲ್ಲ. ಕೊಕ್ಕು ತೆರೆದು ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳಬೇಕು, ಇದಕ್ಕೆ ನೀರು ಬೇಕು. ಏಪ್ರಿಲ್-ಮೇ ತಿಂಗಳ ಉರಿಬಿಸಿಲಿನಲ್ಲಿ ನೀರು ಸಿಗದೆ, ಬಿಸಿಯಾದ ತಗಡಿನ ಛಾವಣಿಯ ಕೆಳಗಿನ ಗೂಡಿನಲ್ಲಿರುವ ಮರಿಗಳು ಸಾಯುತ್ತವೆ. ದೊಡ್ಡ ಹಕ್ಕಿಗಳೂ ನಿತ್ರಾಣಗೊಂಡು ಬೀಳುತ್ತವೆ.

ಮುಂಗಾರಿಗೆ ಮೊದಲಿನ ಅಡ್ಡಮಳೆಯಲ್ಲಿ ಗಾಳಿ ಮತ್ತು ಆಣೆಕಲ್ಲಿನ ಹೊಡೆತಕ್ಕೆ ಮರದಲ್ಲಿ ತಂಗಿದ್ದ ಗಿಳಿ, ಬೆಳ್ಳಕ್ಕಿ, ಕಾಗೆಗಳು ಹಿಂಡಾಗಿ ಸತ್ತು ಬೀಳುವುದೂ ಉಂಟು. ಹಿಂದಿನ ರಾತ್ರಿ ಬಿರುಗಾಳಿ, ಆಣೆಕಲ್ಲು ಬಿದ್ದಿದ್ದು, ಹಕ್ಕಿಗಳೆಲ್ಲ ಒಂದೇ ಮರದ ಕೆಳಗಿದ್ದು, ಅದೇ ಮರದ ಎಲೆಗಳೂ ಹರಿದು ಬಿದ್ದಿದ್ದರೆ ಬೇರೆ ಕಾರಣವನ್ನು ಹುಡುಕುವ ಅಗತ್ಯ ಸಾಮಾನ್ಯವಾಗಿ ಬೀಳದು.

4. ಅಪಘಾತ

ಬಡಾವಣೆಗಳಲ್ಲಿ ಕಿಟಕಿ ಮತ್ತು ಕಟ್ಟಡಗಳ ದೊಡ್ಡ ಗಾಜುಗಳಲ್ಲಿ ಆಕಾಶ, ಮರಗಳ ಪ್ರತಿಬಿಂಬ ಕಂಡು ಹಕ್ಕಿಗಳು ಹಾರಿ ಬಂದು ಬಡಿದು ಸಾಯುತ್ತವೆ. ಅಮೆರಿಕ ಒಂದರಲ್ಲಿಯೇ ಹೀಗೆ ವರ್ಷಕ್ಕೆ 36 ಕೋಟಿಯಿಂದ 99 ಕೋಟಿಯವರೆಗೆ ಹಕ್ಕಿಗಳು ಸಾಯುತ್ತವೆಂದು 2014ರ ಒಂದು ಅಧ್ಯಯನ ಅಂದಾಜು ಮಾಡಿದೆ. ಇದಲ್ಲದೆ ವಿದ್ಯುತ್ ತಂತಿ, ಬೆಕ್ಕು, ಗಾಳಿಪಟದ ಗಾಜು ಹಚ್ಚಿದ ದಾರ ಕೂಡ ಸಾವಿಗೆ ಕಾರಣ. ಪ್ಲಾಸ್ಟಿಕ್ ಎಳೆಯ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದಾದ್ಯಂತ ನಿಷೇಧಿಸಿದೆ. ಗೂಡಿನಿಂದ ಬಿದ್ದ ಒಂದೆರಡು ಮರಿಗಳ ಸಾವು ಪ್ರಕೃತಿಯಲ್ಲಿ ಸಹಜವಾದದ್ದು, ಅದಕ್ಕೆ ಗಾಬರಿಯಾಗಬೇಕಿಲ್ಲ.

ಮೊಬೈಲ್ ಗೋಪುರದ ವಿಷಯದಲ್ಲಿ ಒಂದು ಮಾತು. ಒಂದೇ ರಾತ್ರಿಯಲ್ಲಿ ಹಲವು ಹಕ್ಕಿಗಳು ಸತ್ತು ಬೀಳುವುದಕ್ಕೆ ಗೋಪುರದ ತರಂಗಗಳೇ ಕಾರಣವೆಂದು ರುಜುವಾತಾಗಿಲ್ಲ. ಎಲ್ಲವನ್ನೂ ಅದರ ಮೇಲೆ ಹೊರಿಸಿದರೆ ಕಾಲ ಬುಡದಲ್ಲಿರುವ ಬಣ್ಣದ ಕಾಳು ಕಣ್ಣಿಗೆ ಬೀಳದೆ ಹೋಗುತ್ತದೆ.

ಲಕ್ಷಣಗಳಿಂದ ಕಾರಣವನ್ನು ಶಂಕಿಸುವುದು

ಕೆಳಗಿನ ಸೂಚನೆಗಳು ಶಂಕೆಗೆ ಮಾತ್ರ ಆಧಾರ, ನಿರ್ಣಯಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು.

— ಹಲವು ಜಾತಿಯ ಹಕ್ಕಿಗಳು ಒಂದೇ ದಿನ ಸತ್ತಿವೆ, ಮೈ ಚೆನ್ನಾಗಿ ತುಂಬಿಕೊಂಡಿದೆ, ಬಾಯಲ್ಲಿ ಅಥವಾ ಕುತ್ತಿಗೆ ಬುಡದ ಕಾಳಿನ ಚೀಲದಲ್ಲಿ ಇನ್ನೂ ಕಾಳಿದೆ, ಕಾಲಿನ ಬೆರಳುಗಳು ಮುದುಡಿವೆ, ಬಾಯಿಂದ ಜೊಲ್ಲು ಸುರಿದಿದೆ: ವಿಷದ ಶಂಕೆ. ಸಾವಯವ ರಂಜಕ ಮತ್ತು ಕಾರ್ಬಮೇಟ್ ಗುಂಪಿನ ಕೀಟನಾಶಕಗಳು ನರಗಳ ಕೆಲಸವನ್ನು ಹಿಡಿತದಲ್ಲಿಡುವ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತವೆ. ಇದರಿಂದ ಹಕ್ಕಿ ನಡುಗಿ, ಉಸಿರುಕಟ್ಟಿ ಸಾಯುತ್ತದೆ.

— ಒಂದೇ ಜಾತಿಯ ಹಕ್ಕಿಗಳು ಹಲವು ದಿನ ಒಂದೊಂದಾಗಿ ಸಾಯುತ್ತಿವೆ, ಎದೆಯ ಎಲುಬು ಎದ್ದು ಕಾಣುವಷ್ಟು ಬಡಕಲಾಗಿವೆ, ಪುಕ್ಕ ಕೆದರಿ ಕೂತಿರುತ್ತವೆ: ರೋಗ ಅಥವಾ ಹುಳುಗಳ ಶಂಕೆ.

— ಕಾಗೆಗಳು ಅಥವಾ ಕೆರೆಯ ಹಕ್ಕಿಗಳು ಗುಂಪಾಗಿ ಸತ್ತಿವೆ: ಹಕ್ಕಿಜ್ವರದ ಶಂಕೆ. ಮುಟ್ಟದೆ ತಿಳಿಸಬೇಕು.

— ನೀರುಹಕ್ಕಿಗಳು ಕುತ್ತಿಗೆ ಎತ್ತಲಾಗದೆ ಕೆರೆಯ ಅಂಚಿನಲ್ಲಿ ಬಿದ್ದಿವೆ: ಬೊಟ್ಯುಲಿಸಮ್ ಶಂಕೆ.

— ಒಂದೇ ಹಕ್ಕಿ, ಗೋಡೆ ಅಥವಾ ಕಿಟಕಿಯ ಕೆಳಗೆ, ಕೊಕ್ಕಿನಲ್ಲಿ ರಕ್ತ: ಗಾಜಿಗೆ ಬಡಿದಿರುವ ಸಾಧ್ಯತೆ.

ಹೀಗೆಲ್ಲ ನೋಡಿದ ಮೇಲೂ ಕೆಲವು ಸಲ ಕಾರಣ ತಿಳಿಯದೆ ಉಳಿಯಬಹುದು. 2021ರ ಬೇಸಿಗೆಯಲ್ಲಿ ಅಮೆರಿಕದ ಪೂರ್ವ ರಾಜ್ಯಗಳಲ್ಲಿ ಕಣ್ಣು ಊದಿ, ತೂರಾಡುತ್ತ ಹಲವು ತೋಟದ ಹಕ್ಕಿಗಳು ಸತ್ತವು. ಹಲವು ಪ್ರಯೋಗಾಲಯಗಳು ಪರೀಕ್ಷಿಸಿದರೂ ಖಚಿತವಾದ ಕಾರಣ ದೊರೆಯಲಿಲ್ಲ. ಆದರೆ ಹಕ್ಕಿಜ್ವರ, ರಾಣಿಖೇತ ಮೊದಲಾದ ಅಪಾಯಕಾರಿ ರೋಗಗಳು ಅಲ್ಲ ಎಂಬುದು ಖಾತ್ರಿಯಾಯಿತು. ಯಾವುದು ಅಲ್ಲ ಎಂದು ತಿಳಿಯುವುದೂ ಉಪಯುಕ್ತವೇ.

ಸತ್ತ ಹಕ್ಕಿ ಕಂಡಾಗ ಮಾಡಬೇಕಾದ್ದು

1. ಮಕ್ಕಳು, ನಾಯಿ, ಬೆಕ್ಕು ಮತ್ತು ಕೋಳಿಗಳನ್ನು ದೂರವಿಡಬೇಕು. ಕೋಳಿಗಳನ್ನು ಗೂಡಿನಲ್ಲಿ ಕೂಡಿ ಹಾಕುವುದು ಒಳ್ಳೆಯದು.

2. ಹಕ್ಕಿಗಳ ಸಂಖ್ಯೆ, ಜಾತಿ, ಬಿದ್ದ ಜಾಗ, ದಿನ, ವೇಳೆಯನ್ನು ಬರೆದಿಡಬೇಕು. ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಹೆಚ್ಚು ಅನುಕೂಲ. ಸುತ್ತಮುತ್ತ ಬಣ್ಣದ ಕಾಳು, ಹರಳು, ಖಾಲಿ ಪೊಟ್ಟಣ, ಸತ್ತ ಇಲಿ ಇವೆಯೇ ಎಂದು ನೋಡಬೇಕು.

3. ಸಮೀಪದ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ತಿಳಿಸಬೇಕು. ನವಿಲಾಗಲಿ ಇತರ ವನ್ಯಪಕ್ಷಿಯಾಗಲಿ ಆದರೆ ವಲಯ ಅರಣ್ಯಾಧಿಕಾರಿಯ ಕಚೇರಿಗೂ ತಿಳಿಸಬೇಕು. ಅವರು ಬರುವ ಮೊದಲು ನವಿಲಿನ ಗರಿಯನ್ನು ಕೂಡ ಕೀಳಬಾರದು.

4. ಪಶು ವೈದ್ಯರು ಹಕ್ಕಿಯನ್ನು ತರಲು ಹೇಳಿದರೆ ಮಾತ್ರ ಎತ್ತಿಕೊಳ್ಳಬೇಕು. ಮುಖಕ್ಕೆ ಮುಖಗವಸು, ಕೈಗೆ ಪ್ಲಾಸ್ಟಿಕ್ ಚೀಲವನ್ನು ಕೈಚೀಲದಂತೆ ತೊಟ್ಟು ಹಕ್ಕಿಯನ್ನು ಹಿಡಿದು, ಚೀಲವನ್ನು ಒಳಗು ಹೊರಗು ಮಾಡಿ ಗಂಟು ಹಾಕಬೇಕು. ಅದನ್ನು ಇನ್ನೊಂದು ಚೀಲದಲ್ಲಿಟ್ಟು, ಮಂಜುಗಡ್ಡೆಯ ಡಬ್ಬಿಯಲ್ಲಿ ಅದೇ ದಿನ ಆಸ್ಪತ್ರೆಗೆ ಮುಟ್ಟಿಸಬೇಕು. ಮನೆಯ ಆಹಾರದ ಜೊತೆ ತಂಪುಪೆಟ್ಟಿಗೆಯಲ್ಲಿ ಇಡಕೂಡದು. ಬಿಸಿಲಿಗೆ ಕೊಳೆತ ಹಕ್ಕಿಯಿಂದ ಏನನ್ನೂ ತಿಳಿಯಲಾಗುವುದಿಲ್ಲ.

5. ಶಂಕೆಯಿರುವ ಕಾಳು ಅಥವಾ ಹರಳನ್ನು ಬೇರೆ ಚೀಲದಲ್ಲಿ ಹಾಕಿ ಜೊತೆಗೆ ಕೊಡಬೇಕು. ಪಶು ಆಸ್ಪತ್ರೆಯಿಂದ ಮಾದರಿಗಳು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಹೋಗಬಹುದು. ಹಕ್ಕಿಜ್ವರದ ಅಂತಿಮ ಖಾತ್ರಿ ಭೋಪಾಲದ ರಾಷ್ಟ್ರೀಯ ಅತಿ ಭದ್ರತಾ ಪ್ರಯೋಗಾಲಯದಲ್ಲಿ ಆಗುತ್ತದೆ.

6. ಪರೀಕ್ಷೆಗೆ ಬೇಡವೆಂದರೆ, ಬಾವಿ ಮತ್ತು ಹಳ್ಳದಿಂದ ದೂರ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು. ನಂತರ ಕೈಕಾಲುಗಳನ್ನು ಸಾಬೂನಿನಿಂದ ಚೆನ್ನಾಗಿ ತೊಳೆಯಬೇಕು.

ಮುನ್ನೆಚ್ಚರಿಕೆ ಕ್ರಮಗಳು

— ಬಿತ್ತನೆಯ ಕೂಡಲೆ ಕುಂಟೆ ಅಥವಾ ಹಲಗೆ ಹೊಡೆದು ಬೀಜ ಮುಚ್ಚಬೇಕು. ಕೂರಿಗೆ ತಿರುಗಿಸುವ ಕಡೆ ಚೆಲ್ಲಿದ ಕಾಳನ್ನು ಆರಿಸಿ ಮಣ್ಣಿನಲ್ಲಿ ಹೂಳಬೇಕು. ಹತ್ತು ನಿಮಿಷದ ಈ ಕೆಲಸದಿಂದ ಹಕ್ಕಿಗಳೂ ಕೋಳಿಗಳೂ ಉಳಿಯುತ್ತವೆ.

— ಹರಳು ರೂಪದ ಔಷಧಿಯನ್ನು ಶಿಫಾರಸು ಇದ್ದ ಬೆಳೆಗೆ ಮಾತ್ರ, ಮಣ್ಣಿನೊಳಗೆ ಹಾಕಿ ಮುಚ್ಚಬೇಕು.

— ಹಕ್ಕಿಗಳಿಗೆ ಕವಲುಕೋಲು ನೆಟ್ಟ ಕಡಲೆ ಹೊಲಕ್ಕೆ ಶೇಕಡಾ 5ರ ಬೇವಿನ ಬೀಜದ ಕಷಾಯ ಅಥವಾ ಎನ್‌ಪಿವಿ ನಂಜಾಣು ದ್ರಾವಣವನ್ನು ಮೊದಲು ಸಿಂಪಡಿಸುವುದು ಸೂಕ್ತ. ಕೀಡೆಗಳ ಸಂಖ್ಯೆ ಆರ್ಥಿಕ ಹಾನಿಯ ಮಟ್ಟ ದಾಟಿದಾಗ ಮಾತ್ರ ರಾಸಾಯನಿಕದ ಮೊರೆ ಹೋಗಬೇಕು.

— ಇಲಿ ಪಾಷಾಣವನ್ನು ಬಿಲದೊಳಗೆ ಇಟ್ಟು ಬಾಯಿ ಮುಚ್ಚಬೇಕು. ಹಿತ್ತಲಿನಲ್ಲಾದರೆ ಮುಚ್ಚಿದ ಡಬ್ಬಿಯೊಳಗೆ, ಇಲಿ ಮಾತ್ರ ಹೋಗುವಂತೆ ಇಡಬೇಕು. ಮುಂಜಾನೆ ಸತ್ತ ಇಲಿಗಳನ್ನು ಆರಿಸಿ ಹೂಳಬೇಕು.

— ಸಿಂಪರಣಾ ಯಂತ್ರವನ್ನು ಕೆರೆ, ಹಳ್ಳ, ಬಾವಿಯ ಕಟ್ಟೆಯ ಮೇಲೆ ತೊಳೆಯಕೂಡದು. ಖಾಲಿ ಡಬ್ಬಿಗಳಲ್ಲಿ ಹಕ್ಕಿಗೆ ನೀರಿಡುವ ಅಭ್ಯಾಸ ಬಿಡಬೇಕು.

— ಬೇಸಿಗೆಯಲ್ಲಿ ಮಣ್ಣಿನ ಬೋಗುಣಿಯಲ್ಲಿ ನೆರಳಿನಲ್ಲಿ ನೀರಿಟ್ಟು, ದಿನವೂ ತಿಕ್ಕಿ ತೊಳೆದು ನೀರು ಬದಲಿಸಬೇಕು. ಹತ್ತಿರದಲ್ಲಿ ಹಕ್ಕಿಗಳು ಸಾಯತೊಡಗಿದರೆ ಕೆಲವು ವಾರ ಕಾಳು, ನೀರು ಇಡುವುದನ್ನು ನಿಲ್ಲಿಸಿ ಹಕ್ಕಿಗಳು ಚದುರಿ ಹೋಗುವಂತೆ ಮಾಡಬೇಕು.

— ದನಕ್ಕೆ ಔಷಧಿ ಕೊಡಿಸುವಾಗ ರಣಹದ್ದುಗಳಿಗೆ ಮಾರಕವಲ್ಲದ ಮೆಲಾಕ್ಸಿಕ್ಯಾಮ್‌ನಂಥ ನೋವುನಿವಾರಕಗಳನ್ನೇ ಬಳಸುವಂತೆ ಪಶುವೈದ್ಯರನ್ನು ಕೇಳಿಕೊಳ್ಳಬೇಕು.

ಈ ಕ್ರಮಗಳಿಗೆ ಖರ್ಚು ಬಹಳ ಬೇಕಿಲ್ಲ. ಯಾವ ಔಷಧಿಯನ್ನು ಯಾವ ಬೆಳೆಗೆ ಹಾಕಬಹುದು ಎಂಬ ಸಂದೇಹವಿದ್ದರೆ ರೈತ ಸಂಪರ್ಕ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಅಥವಾ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಯಿಂದ ತಿಳಿದುಕೊಳ್ಳಬಹುದು. ಗೋಕುಲ ರಸ್ತೆಯಂಥ, ಹೊಲವೂ ಮನೆಯೂ ಬೆರೆತಿರುವ ಜಾಗದಲ್ಲಿ ಬಿತ್ತುವವರು ಚೆಲ್ಲಿದ ಕಾಳನ್ನು ಆರಿಸಿಕೊಂಡರೆ, ಮನೆಯವರು ಪಾಷಾಣವನ್ನು ಮುಚ್ಚಿಟ್ಟರೆ ಹಿತ್ತಲಿನ ಅನೇಕ ಸಾವುಗಳು ತಪ್ಪುತ್ತವೆ. ಅಷ್ಟಾದ ಮೇಲೂ ಹಕ್ಕಿಗಳು ಸತ್ತು ಬಿದ್ದರೆ, ಯಾರನ್ನೂ ದೂರುವ ಮೊದಲು ಅವನ್ನು ಅದೇ ದಿನ ಪಶು ವೈದ್ಯರ ಗಮನಕ್ಕೆ ತರುವುದು ಉತ್ತಮ.